ದಿನವೂ ಭಾರ ಎತ್ತಬಹುದೇ?

ಕಳೆದ ತಿಂಗಳು ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ತರುಣನೊಬ್ಬನು ಮೆಲ್ಲನೆ ಬಳಿಗೆ ಬಂದು, "ಸರ್, ದಿನಾ ವಜ್ಜೆ ಎತ್ತಬೋದೇನ್ರಿ?" ಎಂದು ಕೇಳಿದನು. ಊರು ವಿಜಯಪುರದ ಕಡೆಯದು. ಕೆಲಸ ಅಂಬರ್‌ನಾಥದ ಕಾರ್ಖಾನೆಯೊಂದರಲ್ಲಿ. ಸಂಜೆ ಬದಲಾಪುರಕ್ಕೆ ಮರಳಿದ ಮೇಲೆ ಜಿಮ್ಮಿಗೆ ಹೋಗುತ್ತಾನೆ. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯಬೇಕೆಂಬ ಆಸೆ. ಒಬ್ಬ ಗೆಳೆಯನು, ವಾರಕ್ಕೊಮ್ಮೆ ಎತ್ತಿ ಆರು ದಿನ ಸುಮ್ಮನಿರು ಎನ್ನುತ್ತಾನಂತೆ. ಇನ್ನೊಬ್ಬನು, ದಿನವೂ ಮೈಯಲ್ಲಿದ್ದಷ್ಟೂ ಶಕ್ತಿ ಹಾಕಿ ಎತ್ತು ಎನ್ನುತ್ತಾನಂತೆ. ಯಾರ ಮಾತು ನಿಜ?

ಆ ದಿನ ನಾನು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವುಂಟು. ಅವನ ವಯಸ್ಸಿನಲ್ಲಿ ನಾನೂ ಎರಡನೆಯ ಗೆಳೆಯನಂಥವನ ಮಾತು ಕೇಳಿದ್ದೆ. ದಿನವೂ ಸಂಜೆ ನನ್ನಿಂದಾಗುವ ಅತ್ಯಂತ ಹೆಚ್ಚಿನ ಭಾರವನ್ನೇ ನೆಲದಿಂದ ಎತ್ತಲು ಹೋದೆ. ಎರಡನೆಯ ವಾರದ ಒಂದು ಸಂಜೆ ಸೊಂಟ ಹಿಡಿದುಕೊಂಡಿತು. ಮೂರು ವಾರ ಮನೆಯಲ್ಲಿ ಮಲಗಿದೆ. ರಜೆಯಿರಲಿಲ್ಲ, ಸಂಬಳ ಕಡಿತವಾಯಿತು, ಆ ತಿಂಗಳು ಊರಿಗೆ ಹಣ ಹೋಗಲಿಲ್ಲ. ಪರವೂರಿನಲ್ಲಿ ದುಡಿಯುವವನಿಗೆ ಸೊಂಟವೆಂದರೆ ಬರಿಯ ಸೊಂಟವಲ್ಲ. ಅದು ಮನೆಯ ಬಾಡಿಗೆ, ಮಕ್ಕಳ ಫೀಸು, ತಾಯಿಯ ಔಷಧಿ. ಆದುದರಿಂದ ಓದಿ ತಿಳಿದೇ ಹೇಳೋಣವೆಂದು ಈ ಪಾಠವನ್ನು ಬರೆದಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಎತ್ತಬಹುದು, ಭಾರವಾಗಿಯೂ ಎತ್ತಬಹುದು. ಆದರೆ ಒಂದೊಂದು ದಿನದ ಪಾಲು ಚಿಕ್ಕದಾಗಿರಬೇಕು. ಮೈ ಮುರಿಯುವುದು ದಿನವೂ ಎತ್ತುವುದರಿಂದಲ್ಲ, ದಿನವೂ ಮಿತಿಮೀರುವುದರಿಂದ.

ಪವರ್‌ಲಿಫ್ಟಿಂಗ್ ಎಂದರೇನು?

ಇದರಲ್ಲಿ ಮೂರೇ ಎತ್ತುಗಳು. ಮೊದಲನೆಯದು ಸ್ಕ್ವಾಟ್: ಕಬ್ಬಿಣದ ಬಾರನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆದು ಏಳುವುದು. ಎರಡನೆಯದು ಬೆಂಚ್ ಪ್ರೆಸ್: ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಎದೆಗೆ ತಾಗಿಸಿ ಮೇಲಕ್ಕೆ ದೂಡುವುದು. ಮೂರನೆಯದು ಡೆಡ್‌ಲಿಫ್ಟ್: ನೆಲದ ಮೇಲಿರುವ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು. ಸ್ಪರ್ಧೆಯಲ್ಲಿ ಒಂದೊಂದಕ್ಕೆ ಮೂರು ಅವಕಾಶ. ಮೂರರಲ್ಲಿಯೂ ಅತ್ಯುತ್ತಮವಾದುದನ್ನು ಕೂಡಿ ಬಂದ ಮೊತ್ತದ ಮೇಲೆ ಗೆಲುವು. ಗಂಡಸರಿಗೂ ಹೆಂಗಸರಿಗೂ ಇದೇ ನಿಯಮ.

1960ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಇದು ಪ್ರತ್ಯೇಕ ಸ್ಪರ್ಧೆಯಾಗಿ ಬೆಳೆಯಿತು. 1972ರಲ್ಲಿ ಇದರ ಅಂತರರಾಷ್ಟ್ರೀಯ ಫೆಡರೇಶನ್ ಹುಟ್ಟಿತು. ಅಂಗವಿಕಲರ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಬೆಂಚ್ ಪ್ರೆಸ್ ಒಂದನ್ನೇ ಪವರ್‌ಲಿಫ್ಟಿಂಗ್ ಎಂದು ನಡೆಸುತ್ತಾರೆ. ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡ ಬೆಂಗಳೂರಿನ ಫರ್ಮಾನ್ ಬಾಷಾ ಅವರು ಈ ವಿಭಾಗದಲ್ಲಿ ಹೆಸರು ಮಾಡಿ 2008ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ಮೂರು ಮಾತುಗಳು

ಜಿಮ್ಮಿನಲ್ಲಿ ನಡೆಯುವ ವಾದಗಳಲ್ಲಿ ಹೆಚ್ಚಿನವು ಮೂರು ಮಾತುಗಳನ್ನು ಕಲಸಿಕೊಳ್ಳುವುದರಿಂದ ಹುಟ್ಟುತ್ತವೆ. ವಾಚಕರು ಇವನ್ನು ಬೇರೆಬೇರೆಯಾಗಿ ತಿಳಿಯಬೇಕು.

ಒಂದು, ತೀವ್ರತೆ. ಬೆವರು ಎಷ್ಟು ಸುರಿಯಿತು ಎಂಬುದು ತೀವ್ರತೆಯಲ್ಲ. ಒಂದೇ ಒಂದು ಸಲಕ್ಕೆ ತಾವು ಎತ್ತಬಲ್ಲ ಹೆಚ್ಚಿನ ಭಾರದಲ್ಲಿ ಇಂದು ಎತ್ತುತ್ತಿರುವುದು ಶೇಕಡಾ ಎಷ್ಟು ಎಂಬುದೇ ತೀವ್ರತೆ. ಗರಿಷ್ಠ 100 ಕಿಲೊ ಇದ್ದವನು 80 ಕಿಲೊ ಎತ್ತಿದರೆ ತೀವ್ರತೆ ಶೇಕಡಾ 80.

ಎರಡು, ಪ್ರಮಾಣ. ಒಟ್ಟು ಎಷ್ಟು ಸಲ ಎತ್ತಿದಿರಿ ಎಂಬ ಲೆಕ್ಕ ಇದು.

ಮೂರು, ಸರದಿ. ಒಂದೇ ಎತ್ತನ್ನು ವಾರದಲ್ಲಿ ಎಷ್ಟು ದಿನ ಮಾಡುತ್ತೀರಿ ಎಂಬುದು ಸರದಿ.

ಈ ಮೂರೂ ಒಂದೇ ಕೊಡದ ನೀರು. ಮೂರನ್ನೂ ಒಟ್ಟಿಗೆ ಏರಿಸಿದರೆ ಕೊಡ ಬರಿದಾಗುತ್ತದೆ. ತೀವ್ರತೆಯನ್ನೂ ಸರದಿಯನ್ನೂ ಏರಿಸುವವನು ಪ್ರತಿದಿನದ ಪ್ರಮಾಣವನ್ನು ಇಳಿಸಲೇಬೇಕು. ಇಡೀ ಪಾಠದ ಸಾರ ಇಷ್ಟೇ.

ಗರಡಿಯವರು ಏನು ಮಾಡುತ್ತಿದ್ದರು?

ದಿನವೂ ಸಾಧನೆ ಮಾಡುವುದು ನಮಗೆ ಹೊಸದಲ್ಲ. ಮೈಸೂರಿನ ಗರಡಿಯಲ್ಲಾಗಲಿ, ವಿಜಯಪುರ, ಬೆಳಗಾವಿಗಳ ತಾಲೀಮಿನಲ್ಲಾಗಲಿ ಪೈಲವಾನರು ದಿನ ಬೆಳಗಾದರೆ ದಂಡ, ಬಸ್ಕಿ ಹೊಡೆಯುತ್ತಾರೆ. ಆದರೆ ಅಲ್ಲಿ ಎತ್ತುವುದು ಬಹುಮಟ್ಟಿಗೆ ತಮ್ಮ ಮೈಯ ಭಾರವನ್ನೇ. ಸಂಖ್ಯೆ ನೂರುಗಟ್ಟಲೆ, ತೀವ್ರತೆ ಕಡಿಮೆ. ಆದುದರಿಂದ ದಿನವೂ ಸಾಗುತ್ತದೆ.

ಇದಕ್ಕೆ ವಿರುದ್ಧವಾದುದು ಜಾತ್ರೆಯ ಕಲ್ಲು. ಸಂಕ್ರಾಂತಿಯ ಸಮಯದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಪಂದ್ಯಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ತುಂಬಿದ ಚೀಲ, ಇವನ್ನು ಎತ್ತುವುದು ಒಂದೆರಡು ಸಲ ಮಾತ್ರ. ಆದರೆ ಆ ಒಂದೆರಡು ಸಲಕ್ಕೆ ಇಡೀ ಮೈ ಬೇಕು. ಪವರ್‌ಲಿಫ್ಟಿಂಗ್ ಎಂಬುದು ಈ ಕಲ್ಲೆತ್ತುವ ಜಾತಿಗೆ ಸೇರಿದ್ದು. ಗರಡಿಯ ಸರದಿಯನ್ನೂ ಜಾತ್ರೆಯ ತೀವ್ರತೆಯನ್ನೂ ಹೊಂದಿಸುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇಲ್ಲಿ ಒಂದು ಮಾತು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿದವರಲ್ಲಿ ಎಷ್ಟು ಜನರಿಗೆ, ಅವುಗಳ ಕರ್ತೃ ಕೆ. ವಿ. ಅಯ್ಯರ್ ಅವರು ವ್ಯಾಯಾಮದ ಮೇಷ್ಟರು ಎಂಬುದು ತಿಳಿದಿದೆ? ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರ, ಆಸನಗಳನ್ನೂ ಬಾರ್‌ಬೆಲ್ಲನ್ನೂ ಒಂದೇ ಸಾಧನೆಯಲ್ಲಿ ಕೂಡಿಸಿ ಕಲಿಸಿದವರು ಅವರು. 1930ರಲ್ಲಿಯೇ ಮಾಂಸಖಂಡಗಳ ಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪುಸ್ತಕದ ಕಪಾಟಿಗೂ ಕಬ್ಬಿಣದ ಬಾರಿಗೂ ವೈರವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಲ್ಗೇರಿಯದವರ ದಾರಿ

ದಿನವೂ ಅತಿ ಭಾರ ಎತ್ತುವ ಕ್ರಮಕ್ಕೆ ಲೋಕದಲ್ಲಿ ಹೆಸರು ತಂದವರು ಬಲ್ಗೇರಿಯ ದೇಶದ ಇವಾನ್ ಅಬಾಜಿಯೆವ್. 1960ರ ದಶಕದ ಕೊನೆಯಲ್ಲಿ ಅವರು ಆ ದೇಶದ ಭಾರ ಎತ್ತುವ ತಂಡದ ಗುರುಗಳಾದರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಆ ಸಣ್ಣ ದೇಶ ಭಾರ ಎತ್ತುವುದರಲ್ಲಿ ಮೂರು ಚಿನ್ನ ಗೆದ್ದಿತು. ಅವರ ಕ್ರಮ ಸರಳ: ಕೆಲವೇ ಎತ್ತುಗಳು, ದಿನಕ್ಕೆ ಹಲವು ಚಿಕ್ಕ ಪಾಳಿಗಳು, ಪ್ರತಿದಿನ ಅಂದಿನ ಗರಿಷ್ಠದವರೆಗೆ ಏರುವುದು. 'ಅಂದಿನ ಗರಿಷ್ಠ' ಎಂಬ ಮಾತನ್ನು ಗಮನಿಸಬೇಕು. ಅದು ಜೀವಮಾನದ ದಾಖಲೆಯಲ್ಲ. ಆಯಾಸವಿದ್ದ ದಿನ ಅದು ಹತ್ತಿಪ್ಪತ್ತು ಕಿಲೊ ಕೆಳಗಿರಬಹುದು. ಬಲ್ಗೇರಿಯದಲ್ಲಿ ಹುಟ್ಟಿ ಬೆಳೆದು, ಮುಂದೆ ಟರ್ಕಿಯ ಪರವಾಗಿ ಸ್ಪರ್ಧಿಸಿದ ನಯಿಮ್ ಸುಲೈಮಾನೊಗ್ಲು 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ 60 ಕಿಲೊ ವರ್ಗದಲ್ಲಿ 190 ಕಿಲೊವನ್ನು ತಲೆಯ ಮೇಲೆತ್ತಿದರು. ಅದು ಮೈಯ ಭಾರದ ಮೂರು ಪಟ್ಟಿಗೂ ಮಿಗಿಲು.

ಆದರೆ ನಾಣ್ಯದ ಮತ್ತೊಂದು ಮುಖವನ್ನೂ ನೋಡಬೇಕು. ಆ ಎತ್ತುಗಾರರಿಗೆ ಬೇರೆ ಉದ್ಯೋಗವಿರಲಿಲ್ಲ. ಊಟ, ವಸತಿ, ವೈದ್ಯ ಎಲ್ಲವೂ ಸರ್ಕಾರದ್ದು. ಎರಡು ಪಾಳಿಗಳ ನಡುವೆ ಮಲಗಿ ವಿಶ್ರಮಿಸುತ್ತಿದ್ದರು. ಆ ಕ್ರಮವನ್ನು ತಾಳಲಾರದೆ ಬಿಟ್ಟುಹೋದವರ ಹೆಸರು ಯಾವ ಪದಕದ ಪಟ್ಟಿಯಲ್ಲಿಯೂ ಇಲ್ಲ. ಅದೇ 1988ರಲ್ಲಿ ಚಿನ್ನ ಗೆದ್ದ ಇಬ್ಬರು ಬಲ್ಗೇರಿಯದವರು ನಿಷಿದ್ಧ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಪದಕ ಕಳೆದುಕೊಂಡರು. ಇಡೀ ತಂಡ ಹಿಂದೆ ಸರಿಯಿತು. ಬೆಳಗಿನ ಐದರ ಲೋಕಲ್ ಹಿಡಿದು, ಸುಮಾರು 68 ಕಿಲೊಮೀಟರ್ ನಿಂತುಕೊಂಡೇ ಸಿ.ಎಸ್.ಎಂ.ಟಿ. ತಲುಪುವ ಬದಲಾಪುರದ ಗುಮಾಸ್ತನು ಆ ಕ್ರಮವನ್ನು ಹಾಗೆಯೇ ನಕಲು ಮಾಡಿದರೆ ಪದಕ ಬಾರದು, ವೈದ್ಯರ ಚೀಟಿ ಬಂದೀತು. ನಮಗೆ ಬೇಕಾದುದು ಅದರ ತತ್ವ ಮಾತ್ರ.

ಸರದಿ ಏಕೆ ಫಲಿಸುತ್ತದೆ?

ಭಾರ ಎತ್ತುವುದು ಮಾಂಸಖಂಡದ ಕೆಲಸ ಮಾತ್ರವಲ್ಲ, ಕಲಿಕೆಯೂ ಹೌದು. ಹೊಸದಾಗಿ ಆರಂಭಿಸಿದವನ ಶಕ್ತಿ ಮೊದಲ ಕೆಲವು ವಾರಗಳಲ್ಲಿ ಏರುವುದು ಬಹುಮಟ್ಟಿಗೆ ನರಗಳು ಪಳಗುವುದರಿಂದ. ಖಂಡ ದಪ್ಪವಾಗುವುದು ಆಮೇಲೆ. ಟೈಪಿಂಗ್ ಕಲಿತವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ರವಿವಾರ ಒಂದೇ ದಿನ ಮೂರು ಗಂಟೆ ಕುಟ್ಟಿದವನಿಗಿಂತ ದಿನವೂ ಅರ್ಧ ಗಂಟೆ ಕುಟ್ಟಿದವನ ಬೆರಳು ಬೇಗ ಪಳಗುತ್ತದೆ.

ಎರಡನೆಯ ಕಾರಣ ಆಯಾಸ. ಒಂದೇ ದಿನ 80 ಕಿಲೊವನ್ನು 30 ಸಲ ಎತ್ತುವವನ ಮೊದಲ ಹತ್ತು ಎತ್ತು ಚೊಕ್ಕವಾಗಿರುತ್ತವೆ, ನಡುವಿನ ಹತ್ತು ಪರವಾಗಿಲ್ಲ, ಕೊನೆಯ ಹತ್ತರಲ್ಲಿ ಬೆನ್ನು ಬಾಗುತ್ತದೆ, ಮೊಣಕಾಲು ಒಳಗೆ ಸರಿಯುತ್ತದೆ. ಅದೇ 30 ಎತ್ತನ್ನು ನಾಲ್ಕು ದಿನಕ್ಕೆ ಹಂಚಿದರೆ ಎಲ್ಲವೂ ಚೊಕ್ಕ. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಈ ಬಗ್ಗೆ ಪರೀಕ್ಷೆಗಳೂ ನಡೆದಿವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಮೂವರು ಎತ್ತುಗಾರರು 37 ದಿನ ಪ್ರತಿದಿನವೂ ಸ್ಕ್ವಾಟಿನಲ್ಲಿ ಅಂದಿನ ಗರಿಷ್ಠವನ್ನು ಎತ್ತಿದರು. ಮೂವರ ಶಕ್ತಿಯೂ ಹೆಚ್ಚಿತು. ಆದರೆ ಅವರು ಮೂವರೇ, ಅದೂ ಅನುಭವಿಗಳು ಎಂಬುದನ್ನು ಮರೆಯಬಾರದು. 2018ರ ಇನ್ನೊಂದು ಅಧ್ಯಯನದಲ್ಲಿ 28 ತರುಣರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರದಲ್ಲಿ 3 ದಿನ, ಇನ್ನೊಂದಕ್ಕೆ 6 ದಿನ ಸಾಧನೆ ಕೊಟ್ಟರು. ಒಟ್ಟು ಪ್ರಮಾಣ ಸಮನಾಗಿತ್ತು. ಆರು ವಾರಗಳ ಬಳಿಕ ಎರಡು ಗುಂಪಿನವರ ಶಕ್ತಿಯೂ ಹೆಚ್ಚುಕಡಿಮೆ ಒಂದೇ ರೀತಿ ಏರಿತ್ತು.

ಇದರಿಂದ ತಿಳಿಯುವುದೇನು? ದಿನವೂ ಎತ್ತುವುದರಲ್ಲಿ ಮಂತ್ರವಿಲ್ಲ. ವಾರದ ಒಟ್ಟು ಕೆಲಸ ಮುಖ್ಯ. ಆ ಕೆಲಸವನ್ನು ಹೇಗೆ ಹಂಚಿದರೆ ತಮ್ಮ ಬದುಕಿಗೆ ಹೊಂದೀತು ಎಂಬುದೇ ಪ್ರಶ್ನೆ. ದಿನಕ್ಕೆ ಎರಡು ಗಂಟೆ ಬಿಡುವು ಸಿಗದ, ಆದರೆ ಅರ್ಧ ಮುಕ್ಕಾಲು ಗಂಟೆ ಸಿಗುವ ನಮ್ಮಂಥವರಿಗೆ ಸರದಿಯ ಕ್ರಮವೇ ಅನುಕೂಲ.

ಒಂದು ವಾರದ ಮಾದರಿ

ಇದು ಕನಿಷ್ಠ ಒಂದು ವರ್ಷ ಕ್ರಮವಾಗಿ ಸಾಧನೆ ಮಾಡಿ, ತಿಳಿದವರಿಂದ ಮೂರು ಎತ್ತುಗಳ ರೀತಿಯನ್ನೂ ಕಲಿತವರಿಗೆ ಮಾತ್ರ. ಹೊಸಬರು ವಾರಕ್ಕೆ ಮೂರು ದಿನ, ಹಗುರ ಭಾರದಿಂದ ಕಲಿಯಬೇಕು. ಒಬ್ಬನ ಗರಿಷ್ಠ ಸ್ಕ್ವಾಟ್ 100, ಬೆಂಚ್ ಪ್ರೆಸ್ 70, ಡೆಡ್‌ಲಿಫ್ಟ್ 120 ಕಿಲೊ ಎಂದು ತಿಳಿಯೋಣ.

ಸೋಮವಾರ: ಸ್ಕ್ವಾಟ್ 80 ಕಿಲೊ, ಮೂರು ಸಲದಂತೆ 4 ಸೆಟ್. ಬೆಂಚ್ 55 ಕಿಲೊ, ಮೂರು ಸಲದಂತೆ 4 ಸೆಟ್.

ಮಂಗಳವಾರ: ಡೆಡ್‌ಲಿಫ್ಟ್ 95 ಕಿಲೊ, ಎರಡು ಸಲದಂತೆ 4 ಸೆಟ್. ಬೆಂಚ್ 60 ಕಿಲೊ, ಎರಡು ಸಲದಂತೆ 3 ಸೆಟ್.

ಬುಧವಾರ: ಸ್ಕ್ವಾಟ್ 85 ಕಿಲೊ, ಎರಡು ಸಲದಂತೆ 4 ಸೆಟ್. ಬೆಂಚ್ 50 ಕಿಲೊ, ನಾಲ್ಕು ಸಲದಂತೆ 3 ಸೆಟ್.

ಗುರುವಾರ: ಸ್ಕ್ವಾಟ್ 70 ಕಿಲೊ, ಮೂರು ಸಲದಂತೆ 3 ಸೆಟ್. ಬೆಂಚ್ 60 ಕಿಲೊ, ಎರಡು ಸಲದಂತೆ 4 ಸೆಟ್.

ಶುಕ್ರವಾರ: ಸ್ಕ್ವಾಟ್ 90 ಕಿಲೊ, ಒಂದೊಂದೇ ಸಲ 2 ಸೆಟ್. ಡೆಡ್‌ಲಿಫ್ಟ್ 105 ಕಿಲೊ, ಒಂದೊಂದೇ ಸಲ 3 ಸೆಟ್.

ಶನಿವಾರ, ರವಿವಾರ ವಿಶ್ರಾಂತಿ.

ಲೆಕ್ಕ ಹಾಕಿ ನೋಡಿ. ಸ್ಕ್ವಾಟ್ ವಾರಕ್ಕೆ 31 ಸಲ, ಎತ್ತಿದ ಒಟ್ಟು ಭಾರ 2450 ಕಿಲೊ. ರವಿವಾರ ಒಂದೇ ದಿನ 80 ಕಿಲೊವನ್ನು 30 ಸಲ ಎತ್ತುವವನದು 2400 ಕಿಲೊ. ಕೆಲಸ ಒಂದೇ, ಆದರೆ ಇವನಿಗೆ 85, 90 ಕಿಲೊಗಳ ಪರಿಚಯವೂ ಆಯಿತು, ಒಂದು ದಿನವೂ ಸುಸ್ತಾಗಿ ಕುಸಿಯಲಿಲ್ಲ. ಡೆಡ್‌ಲಿಫ್ಟ್ ಎರಡೇ ದಿನ ಇರುವುದನ್ನೂ ಗಮನಿಸಿ. ಸೊಂಟದ ಆಯಾಸ ನಿಧಾನವಾಗಿ ಇಳಿಯುತ್ತದೆ.

ಪ್ರತಿದಿನವೂ ಬರಿಯ ಬಾರಿನಿಂದ ಆರಂಭಿಸಿ ಮೂರು ನಾಲ್ಕು ಮೆಟ್ಟಿಲಲ್ಲಿ ಮೇಲೇರಬೇಕು. ಯಾವ ಸೆಟ್ ಮುಗಿಸಿದಾಗಲೂ, ಇನ್ನೂ ಒಂದೆರಡು ಸಲ ಎತ್ತಬಹುದಿತ್ತು ಎನ್ನುವಷ್ಟು ಶಕ್ತಿ ಉಳಿದಿರಬೇಕು. ಮೂರು ವಾರ ಹೀಗೆ ಮಾಡಿ, ನಾಲ್ಕನೆಯ ವಾರ ಸೆಟ್ಟುಗಳನ್ನು ಅರ್ಧಕ್ಕೆ ಇಳಿಸಿ. ಆ ಬಳಿಕ ಎಲ್ಲ ಎತ್ತುಗಳೂ ಚೊಕ್ಕವಾಗಿದ್ದರೆ ಮಾತ್ರ ಬಾರಿನ ಎರಡೂ ಬದಿಗೆ ಒಂದೂಕಾಲು ಕಿಲೊದ ಪ್ಲೇಟು ಸೇರಿಸಿ. ಬೆಂಚ್ ಪ್ರೆಸ್ ಮಾಡುವಾಗ ತಲೆಯ ಬಳಿ ಒಬ್ಬರು ನಿಂತಿರಲೇಬೇಕು. ಒಬ್ಬರೇ ಇದ್ದಾಗ ಭಾರದ ಬೆಂಚ್ ಪ್ರೆಸ್ ಮಾಡಬಾರದು.

ಗುಮಾಸ್ತರಿಗೆ ಒಂದು ಕ್ರಮ, ಹಮಾಲಿಗೆ ಇನ್ನೊಂದು

ಪುಸ್ತಕಗಳಲ್ಲಿ ಸಿಗದ ಮಾತೊಂದನ್ನು ಇಲ್ಲಿ ಹೇಳಬೇಕು. ದಿನವಿಡೀ ಕುರ್ಚಿಯಲ್ಲಿ ಕೂರುವವನೂ ದಿನವಿಡೀ ಚೀಲ ಹೊರುವವನೂ ಒಂದೇ ಕ್ರಮ ಹಿಡಿಯಲಾಗದು. ಸಿಮೆಂಟಿನ ಚೀಲ 50 ಕಿಲೊ. ದಿನಕ್ಕೆ ನೂರು ಚೀಲ ಎತ್ತಿದರೆ 5000 ಕಿಲೊ ಆಯಿತು. ಮೇಲಿನ ಮಾದರಿಯಲ್ಲಿ ಇಡೀ ವಾರದ ಡೆಡ್‌ಲಿಫ್ಟ್ ಕೂಡಿಸಿದರೂ 1075 ಕಿಲೊ ಮಾತ್ರ! ಆದರೆ 120 ಕಿಲೊ ಎತ್ತಬಲ್ಲವನಿಗೆ 50 ಕಿಲೊ ಎಂದರೆ ತೀವ್ರತೆ ಶೇಕಡಾ 42ರಷ್ಟೇ. ಅಂದರೆ ಆ ದುಡಿಮೆ ಸ್ಪರ್ಧೆಯ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಆಯಾಸವನ್ನು ಮಾತ್ರ ಹೆಚ್ಚಿಸುತ್ತದೆ. ಇಂಥವರು ವಾರಕ್ಕೆ ಮೂರು ದಿನ ಮಾತ್ರ ಎತ್ತಲಿ. ಡೆಡ್‌ಲಿಫ್ಟ್ ಒಂದೇ ದಿನ ಸಾಕು, ಅದೂ ವಾರದ ರಜೆಯ ಮರುದಿನ. ದುಡಿಮೆಯೂ ಸಾಧನೆಯ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಮರೆಯದಿರಲಿ.

ಗುಮಾಸ್ತರ ತೊಂದರೆ ಬೇರೆ. ಎಂಟು ಗಂಟೆ ಕೂತು, ಮೂರು ಗಂಟೆ ರೈಲಿನಲ್ಲಿ ಸೆಟೆದು ನಿಂತ ಸೊಂಟ ಬಿಗಿದಿರುತ್ತದೆ. ಇಳಿದವರೇ ಬಾರಿಗೆ ಕೈ ಹಾಕಬಾರದು. ಹತ್ತು ನಿಮಿಷ ನಡೆದು, ಬರಿಮೈಯ ಬಸ್ಕಿ ಇಪ್ಪತ್ತು ಹೊಡೆದು, ಮೈ ಬಿಸಿಯಾದ ಮೇಲೆ ಆರಂಭಿಸಬೇಕು.

ನಿಲ್ಲಿಸಬೇಕಾದ ಗುರುತುಗಳು

ನಿನ್ನೆ ಸರಾಗವಾಗಿ ಎದ್ದ ಭಾರ ಇಂದು ತೆವಳುತ್ತಿದ್ದರೆ, ಶೇಕಡಾ 10 ಇಳಿಸಿ. ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನವೂ ಹಾಗೆಯೇ. ಎತ್ತುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಆ ದಿನದ ಕೆಲಸ ಮುಗಿಯಿತೆಂದು ತಿಳಿಯಿರಿ. ಖಂಡದ ನೋವು ಒಂದೆರಡು ದಿನದಲ್ಲಿ ಹೋಗುತ್ತದೆ. ಕೀಲಿನ ನೋವು ವಾರ ಕಳೆದರೂ ಉಳಿದರೆ, ಸೊಂಟದಿಂದ ಕಾಲಿಗೆ ಸೆಳೆತ ಇಳಿದರೆ, ಕಾಲು ಜೋಮು ಹಿಡಿದರೆ, ವೈದ್ಯರಲ್ಲಿಗೆ ಹೋಗಬೇಕು. ಅತಿ ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ಆ ಕ್ಷಣ ರಕ್ತದೊತ್ತಡ ಬಹಳ ಏರುತ್ತದೆ. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಊಟದ ಮಾತು

ಶಕ್ತಿಸಾಧನೆ ಮಾಡುವವನಿಗೆ ಮೈಯ ತೂಕದ ಕಿಲೊ ಒಂದಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೊದವನಿಗೆ 96 ಗ್ರಾಂ. ಇದಕ್ಕೆ ಬೆಲೆಬಾಳುವ ಡಬ್ಬಿ ಬೇಕಿಲ್ಲ. ನಾಲ್ಕು ಮೊಟ್ಟೆಯಿಂದ 24, ಅರ್ಧ ಲೀಟರ್ ಹಾಲಿನಿಂದ 16, ಐವತ್ತು ಗ್ರಾಂ ಶೇಂಗಾದಿಂದ 12, ನೂರು ಗ್ರಾಂ ಬೇಳೆಯಿಂದ 22, ಇನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 20 ಗ್ರಾಂ ಸಿಗುತ್ತದೆ. ಒಟ್ಟು 94. ಮೊಟ್ಟೆ ತಿನ್ನದವರು ಅದರ ಬದಲು ಸೋಯಾ, ಕಡಲೆ, ಮೊಸರುಗಳನ್ನು ಹೆಚ್ಚಿಸಬಹುದು. ಜಿಮ್ಮಿನ ಮೂಲೆಯಲ್ಲಿ ಗುಟ್ಟಾಗಿ ಮಾರುವ ಗುಳಿಗೆ, ಸೂಜಿಮದ್ದುಗಳನ್ನು ಮುಟ್ಟಲೇಬಾರದು. ದೊಡ್ಡ ತಂಡದ ಗತಿ ಏನಾಯಿತೆಂದು ಮೇಲೆ ನೋಡಿದ್ದೇವೆ.

ಅವಸರ ಬೇಡ

ಕೊನೆಗೆ ನಮ್ಮವರೇ ಒಬ್ಬರ ಉದಾಹರಣೆ. ಉಡುಪಿ ಜಿಲ್ಲೆಯ ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿಯವರು ಲಾರಿ ಚಾಲಕರ ಮಗ. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತು, ವಾಯುಪಡೆ ಸೇರಿದರು. 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೊ ವರ್ಗದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೊ ವರ್ಗದಲ್ಲಿ 269 ಕಿಲೊ ಎತ್ತಿ ಕಂಚು ಗೆದ್ದರು. ಅವರದು ಪವರ್‌ಲಿಫ್ಟಿಂಗ್ ಅಲ್ಲ, ಭಾರವನ್ನು ತಲೆಯ ಮೇಲೆತ್ತುವ ಒಲಿಂಪಿಕ್ ಕ್ರೀಡೆ. ಆದರೆ ಅಂಕಿಗಳನ್ನು ನೋಡಿ. ನಾಲ್ಕು ವರ್ಷದಲ್ಲಿ, ಮೈಯ ವರ್ಗವೂ 5 ಕಿಲೊ ಏರಿದಾಗ, ಎರಡು ಪದಕಗಳ ನಡುವಿನ ಅಂತರ 20 ಕಿಲೊ. ವರ್ಷಕ್ಕೆ 5 ಕಿಲೊ! ಹೊಸಬನ ಭಾರ ಇದಕ್ಕಿಂತ ಬೇಗ ಏರೀತು, ನಿಜ. ಆದರೆ ದೇಶಕ್ಕೆ ಪದಕ ತಂದವರೇ ಇಷ್ಟು ತಾಳ್ಮೆಯಿಂದ ಏರುವಾಗ, ನಾವು ವಾರಕ್ಕೆ 5 ಕಿಲೊ ಬಯಸಿ ಸೊಂಟ ಮುರಿದುಕೊಳ್ಳುವುದೇಕೆ?

ಆ ತರುಣನಿಗೆ ನನ್ನ ಉತ್ತರ ಇದು: ದಿನಾ ಎತ್ತಪ್ಪಾ. ಆದರೆ ನಾಳೆಯೂ ಎತ್ತಲು ಆಗುವಷ್ಟೇ ಇಂದು ಎತ್ತು.

ಅಭ್ಯಾಸಕ್ಕೆ ಪ್ರಶ್ನೆಗಳು

1. ತೀವ್ರತೆ, ಪ್ರಮಾಣ, ಸರದಿ, ಇವುಗಳ ವ್ಯತ್ಯಾಸವನ್ನು ಸ್ವಂತ ಮಾತಿನಲ್ಲಿ ಬರೆಯಿರಿ.

2. ಒಬ್ಬನ ಗರಿಷ್ಠ ಡೆಡ್‌ಲಿಫ್ಟ್ 140 ಕಿಲೊ. ಅವನು 112 ಕಿಲೊ ಎತ್ತಿದರೆ ತೀವ್ರತೆ ಶೇಕಡಾ ಎಷ್ಟು?

3. ಮೇಲಿನ ಮಾದರಿಯಲ್ಲಿ ವಾರದ ಬೆಂಚ್ ಪ್ರೆಸ್ ಒಟ್ಟು ಎಷ್ಟು ಸಲ? ಒಟ್ಟು ಎಷ್ಟು ಕಿಲೊ?

4. ತಮ್ಮ ಉದ್ಯೋಗದಲ್ಲಿ ದಿನಕ್ಕೆ ಎಷ್ಟು ಭಾರ ಎತ್ತುತ್ತೀರಿ, ಎಷ್ಟು ಗಂಟೆ ಕೂರುತ್ತೀರಿ, ಎಷ್ಟು ಗಂಟೆ ನಿದ್ರಿಸುತ್ತೀರಿ? ಒಂದು ವಾರ ಬರೆದಿಟ್ಟು, ಅದಕ್ಕೆ ಹೊಂದುವ ಕ್ರಮವನ್ನು ತಾವೇ ರಚಿಸಿರಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಡಬಹುದು. ಕೂತು ಮಾತಾಡೋಣ.